ಬಲಗಣ್ಣಿಗೆ ಕಂಡ ಟವರ್

ನಮ್ಮ ಚಿಕ್ಕಪ್ಪ ಹಳೆಯ ಫಿಲ್ಮ್ ಕ್ಯಾಮೆರಾಗಳನ್ನು ರಿಪೇರಿ ಮಾಡುತ್ತಿದ್ದರು. ಅದೇ ಕೋಣೆಯ ಇನ್ನೊಂದು ಮೂಲೆಯಲ್ಲಿ ಚಿಕ್ಕಮ್ಮ ಅವಕ್ಕೆ ಚರ್ಮದ ಕೇಸು, ಹೆಗಲಪಟ್ಟಿ ಹೊಲಿಯುತ್ತಿದ್ದರು.

"ಒಳಗಿನದು ನಿಮ್ಮದು, ಹೊರಗಿನದು ನಂದು. ಜನ ಮೊದಲು ನೋಡೋದು ನಂದನ್ನೇ," ಎಂದು ಚಿಕ್ಕಮ್ಮ ಕಾಲೆಳೆಯುತ್ತಿದ್ದರು.

ಆ ಕ್ಯಾಮೆರಾಗಳಲ್ಲಿ ನೋಡುವ ಕಿಂಡಿಯೇ ಬೇರೆ, ಲೆನ್ಸೇ ಬೇರೆ. ಕಿಂಡಿಯ ನಡುವೆ ಒಂದು ಹಳದಿ ಚೌಕ. ಅದರಲ್ಲಿ ಎದುರಿನದು ಎರಡಾಗಿ ಕಾಣುತ್ತದೆ. ಲೆನ್ಸಿನ ಬಳೆ ತಿರುಗಿಸಿದಂತೆ ಎರಡೂ ಸರಿದು ಒಂದಾದರೆ ಫೋಕಸ್ ಕೂಡಿತು ಎಂದರ್ಥ. ಈ ಕೂಡಿಕೆ ಕೆಟ್ಟವೇ ಚಿಕ್ಕಪ್ಪನ ಬಳಿ ಹೆಚ್ಚು ಬರುತ್ತಿದ್ದವು. ಲೆನ್ಸಿನ ಬಳೆಯನ್ನು ತೀರಾ ದೂರದ ಗುರುತಿಗೆ ತಿರುಗಿಸಿಟ್ಟು, ಎಡಗಣ್ಣು ಮುಚ್ಚಿ, ಬಲಗಣ್ಣನ್ನು ಕಿಂಡಿಗೊತ್ತಿ, ಊರಾಚೆಯ ಟವರಿನ ತುದಿ ಒಂದಾಗುವವರೆಗೆ ಒಳಗಿನ ಪುಟ್ಟ ಸ್ಕ್ರೂ ತಿರುಗಿಸುತ್ತಿದ್ದರು. ಆಗ ಉಸಿರನ್ನೂ ಬಿಡುತ್ತಿರಲಿಲ್ಲ.

ಒಂದು ಬೆಳಗ್ಗೆ, ಹಿಂದಿನ ತಿಂಗಳು ಕ್ಯಾಮೆರಾ ಸರಿಮಾಡಿಸಿಕೊಂಡು ಹೋಗಿದ್ದ ಭೂಗೋಳದ ಮೇಡಂ ಬಂದರು.

"ಎಲ್ಲಾ ಫೋಟೋನೂ ಮಂಕು ಸಾರ್."

"ಲೆನ್ಸ್ ಹೊರಗೆಳೆದು ಲಾಕ್ ಮಾಡಿದ್ರಾ? ಒಳಗೇ ಬಿಟ್ಟು ಹೊಡೆದ್ರೆ ಫೋಟೋ ಮಂಕೇ ಬರೋದು, ಕಿಂಡೀಲಿ ಗೊತ್ತೇ ಆಗಲ್ಲ."

ಮೇಡಂ ಫೋಟೋಗಳನ್ನು ಹರಡಿದರು. ಮಗುವಿನ ಮುಖ ಮಸುಕು. ಹಿಂದಿನ ಗೋಡೆಯ ಬಿರುಕು ಮಾತ್ರ ಎಳೆಎಳೆಯಾಗಿ ಸ್ಪಷ್ಟ. "ತಂಗಿ ಮಗೂನ ತೆಗೆದ್ರೆ ಗೋಡೆ ಬಂದಿದೆ, ನೋಡಿ."

ಚಿಕ್ಕಪ್ಪ ಕ್ಯಾಮೆರಾ ಎತ್ತಿ ಕಿಟಕಿಯಾಚೆ ನೋಡಿದರು. "ಟವರ್ ಒಂದೇ ಇದೆಯಲ್ಲ! ಸ್ವಲ್ಪ ನೆರಳು ಅಷ್ಟೇ. ಒಳಗಿನ ಕನ್ನಡಿ ಹಳೇದು."

ಮೇಡಂ ನೋಡಿದರು. "ನನಗೆ ಎರಡು ಕಾಣ್ತಿದೆ."

ಚಿಕ್ಕಪ್ಪನಿಗೆ ನಗು ಬಂತು. "ಬಾರೇ, ನೀನೇ ಹೇಳು."

ಚಿಕ್ಕಮ್ಮ ಸೂಜಿ ಹಿಡಿದೇ ಬಂದು ನೋಡಿದರು. ತಮಾಷೆ ಮಾಡಲಿಲ್ಲ. "ಎರಡಿದೆ ರೀ."

ಚಿಕ್ಕಪ್ಪ ಕ್ಯಾಮೆರಾ ಕೆಳಗಿಟ್ಟರು. ಅಂಗೈಯಿಂದ ಎಡಗಣ್ಣು ಮುಚ್ಚಿ ಬರಿಗಣ್ಣಲ್ಲೇ ಟವರಿನತ್ತ ನೋಡಿದರು. ಕೈ ತೆಗೆದರು. ಮತ್ತೆ ಮುಚ್ಚಿದರು.

"ಬರೀ ಕಣ್ಣಿಗೇ ಎರಡು ಕಾಣ್ತಿದೆ ಕಣೇ. ಕಿಂಡೀಲಿ ಆ ನೆರಳಿಗೇ ಕೂಡಿಸಿಬಿಟ್ಟಿದ್ದೀನಿ."

ಚಿಕ್ಕಪ್ಪನ ನೋಟ ಕಪಾಟಿನ ಕಡೆ ಹೋಯಿತು; ಅಲ್ಲಿ ರಿಪೇರಿ ಮುಗಿದ ಕ್ಯಾಮೆರಾಗಳು ಚಿಕ್ಕಮ್ಮನ ಹೊಸ ಕೇಸು ತೊಟ್ಟು ಸಾಲಾಗಿ ಕೂತಿದ್ದವು.

"ಇವೆಲ್ಲಾ? ಆಗಲೇ ಕೊಟ್ಟು ಕಳಿಸಿದ್ದು?"

"ಕಣ್ಣಿಗೆ ಪೊರೆ ಬಂದಿರಬೇಕು," ಎಂದರು ಚಿಕ್ಕಮ್ಮ. " ಏಳಿ, ಡಾಕ್ಟರ ಹತ್ರ ಹೋಗೋಣ."

"ಹೋಗೋಣ. ಮೇಡಂ ಕ್ಯಾಮೆರಾ ಹೀಗೇ ಬಿಟ್ಟು ಹ್ಯಾಗೆ ಏಳಲಿ?"

ಚಿಕ್ಕಮ್ಮ ಕಿಂಡಿಗೆ ಕಣ್ಣಿಟ್ಟರು. ಚಿಕ್ಕಪ್ಪ ತಡವಿಕೊಂಡು ಸ್ಕ್ರೂ ತಿರುಗಿಸಿದರು.

"ಬರ್ತಿದೆ... ಬಂತು... ಅಯ್ಯೋ, ದಾಟಿ ಹೋಯ್ತು! ಮೆಲ್ಲಗೆ ರೀ."

"ನೀನು ಬಾಯಿ ಮುಚ್ಚಿ ನೋಡು."

"ಬಾಯಿ ಮುಚ್ಚಿದ್ರೆ ಹೇಳೋರ್ಯಾರು? ಹಾಂ, ನಿಲ್ಲಿಸಿ. ಒಂದಾಯ್ತು."

ಚಿಕ್ಕಪ್ಪ ಸ್ಕ್ರೂಡ್ರೈವರ್ ತೆಗೆಯಲಿಲ್ಲ.

"ನಿಜವಾಗ್ಲೂ?" ಎಂದರು.

ತಮ್ಮ ಕೆಲಸದ ಬಗ್ಗೆ ಅವರು ಇನ್ನೊಬ್ಬರನ್ನು ಹಾಗೆ ಕೇಳಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.