ಕೇಬಲ್ ಕೆಟ್ಟಿರಲಿಲ್ಲ

ಹಿರಿಯೂರಿನ ಸಣ್ಣ ಲ್ಯಾಬೊಂದರಲ್ಲಿ ನಾನು ರಕ್ತಪರೀಕ್ಷೆ ಮಾಡುತ್ತಿದ್ದೆ. ಯಂತ್ರದ ಸರ್ವಿಸ್ ಆದ ಮರುದಿನವೇ ಅದರ ಫಲಿತಾಂಶಗಳು ಕಂಪ್ಯೂಟರಿಗೆ ಬರುವುದು ನಿಂತಿತು. ಫೋನ್ ಮಾಡಿದರೆ ಸರ್ವಿಸ್ ಎಂಜಿನಿಯರ್, "ನೀವೇ ಕೇಬಲ್ ಎಳೆದಾಡಿರ್ತೀರ ಮೇಡಂ" ಎಂದ. ನಾಲ್ಕು ದಿನ ಯಂತ್ರದ ಪರದೆ ನೋಡಿ ಎಲ್ಲವನ್ನೂ ಕೈಯಲ್ಲೇ ಬರೆದೆ. ಆ ಅವಸರದಲ್ಲಿ ಜವನಗೊಂಡನಹಳ್ಳಿಯ ಬಸುರಿಯೊಬ್ಬಳ ಹಿಮೋಗ್ಲೋಬಿನ್ ಏಳು ಇದ್ದದ್ದನ್ನು ಹನ್ನೊಂದು ಎಂದು ಬರೆದುಬಿಟ್ಟೆ. ಅವಳ ಅತ್ತೆ ಸೊಸೆಯನ್ನೂ ಕರೆದುಕೊಂಡು, ಚೀಟಿ ಹಿಡಿದು ವಾಪಸ್ ಬಂದರು.

"ನಿಂತ್ರೆ ತಲೆ ಸುತ್ತುತೈತೆ ಅಂತಾಳೆ, ನೀವು ನೋಡಿದ್ರೆ ರಕ್ತ ಚೆನ್ನಾಗೈತೆ ಅಂತ ಬರ್ದೀರಲ್ರೀ!"

ತಪ್ಪು ನನ್ನದೇ ಎಂದು ಹೇಳಿ, ಚೀಟಿ ತಿದ್ದಿ, ಇಬ್ಬರನ್ನೂ ಡಾಕ್ಟರ ಹತ್ತಿರ ನಾನೇ ಕರೆದೊಯ್ದೆ.

ವಾಪಸ್ ಬಂದವಳೇ ಸಿಟ್ಟಿನಲ್ಲಿ ಸೆಟ್ಟಿಂಗ್ ತೆರೆದು ನೋಡಿದೆ. ಅಂಕಿಗಳನ್ನು ಕಳಿಸುವ ಯಂತ್ರದ ಪೋರ್ಟಿನ ವೇಗ 19200, ಪಡೆಯುವ ಕಂಪ್ಯೂಟರಿನದು 9600; ಎರಡೂ ಒಂದೇ ಇರಬೇಕಿತ್ತು. ಸರ್ವಿಸಿಗೆಂದು ಬದಲಾಯಿಸಿದವನು ಹಾಗೇ ಬಿಟ್ಟು ಹೋಗಿದ್ದ. ಎರಡನ್ನೂ ಒಂದೇ ಮಾಡಿದ ಕೂಡಲೇ ಅಂಕಿಗಳು ಸರಸರನೆ ಬಂದವು.

ಮರುದಿನ ಬಂದ ಎಂಜಿನಿಯರ್, ನಾನು ಸೆಟ್ಟಿಂಗ್ ತೋರಿಸಿದ ಮೇಲೂ, ಸರ್ವಿಸ್ ರಿಜಿಸ್ಟರಿನಲ್ಲಿ "ಕೇಬಲ್ ದೋಷ" ಎಂದು ಬರೆದ. ನನ್ನ ಮೈಯೆಲ್ಲ ಉರಿದುಹೋಯಿತು.

"ಹೊಡೆದು ಹಾಕ್ರಿ ಅದನ್ನ! ನನ್ನ ತಪ್ಪು ಆ ಅಮ್ಮನ ಮುಂದೆ ನಾನು ಒಪ್ಕಂಡೀನಿ. ನಿಮ್ದು ನೀವು ಬರೀರಿ."

ಬರೆಯುವವರೆಗೂ ನಾನು ಬಾಗಿಲು ಬಿಟ್ಟು ಕದಲಲಿಲ್ಲ. ಅವನು ಅದನ್ನು ಹೊಡೆದು ಹಾಕಿ, ವೇಗ ಬದಲಾಯಿಸಿ ಹಾಗೇ ಬಿಟ್ಟದ್ದು ತಾನೇ ಎಂದು ಬರೆದು, ಸಹಿ ಹಾಕಿ ಹೋದ.