ಕೆರೆಯಂಗಳದ ಎರಡು ಕಂಬ

ಈ ವರ್ಷವೂ ನಾವು ಸೋಲುತ್ತೇವೆ. ಶ್ರಾವಣದ ಹೋಬಳಿ ಪಂದ್ಯಕ್ಕೆ ಇನ್ನೂ ತಿಂಗಳಿರುವಾಗಲೇ ಇದನ್ನು ಬರೆದಿಡುತ್ತಿದ್ದೇನೆ. ನಾವು ಎಂದರೆ ನಮ್ಮೂರ ಹೈಸ್ಕೂಲಿನ ಹೆಣ್ಣುಮಕ್ಕಳ ಖೋಖೋ ತಂಡ. ನಾನು ಓದಿದ್ದು ಮೂರನೇ ಕ್ಲಾಸು. ಆ ಹೈಸ್ಕೂಲಿನ ಬೆಂಚಿನ ಮೇಲೆ ಒಂದು ದಿನವೂ ಕೂತವಳಲ್ಲ. ಆದರೂ ಆ ತಂಡದ ಮಾತು ಬಂದರೆ ನನ್ನ ಬಾಯಿಗೆ ಬರುವುದು ನಾವು ಎಂದೇ. ಮೊದಲು ನನ್ನ ಮಗಳು ಆಡಿದಳು, ಸೋತಳು. ಈಗ ಮಗನ ಮಗಳು ಆಡುತ್ತಾಳೆ. ನಡುವೆ ನಮ್ಮ ಮನೆಯಿಂದ ಯಾರೂ ಆಡದ ವರ್ಷಗಳಲ್ಲೂ ನಾನು ಬುತ್ತಿ ಕಟ್ಟಿಕೊಂಡು, ಅಜ್ಜಂಪುರದ ಬಸ್ಸು ಹತ್ತಿ, ಬೇರೆಯವರ ಮಕ್ಕಳು ಸೋಲುವುದನ್ನು ನೋಡಿಕೊಂಡು ಬಂದಿದ್ದೇನೆ. ಮೊದಲ ಪಂದ್ಯ ಗೆದ್ದು ಎರಡನೆಯದಕ್ಕೆ ನಿಂತದ್ದನ್ನು ಈ ಕಣ್ಣು ಕಂಡಿಲ್ಲ.

ನಮ್ಮ ಯಜಮಾನರು ಒಮ್ಮೆ ಬಸ್ ಸ್ಟ್ಯಾಂಡಿನವರೆಗೆ ಬಂದು ಕೇಳಿದ್ದರು: “ಅಲ್ಲ ಕಣೇ, ಒಂದೇ ಸಾವಿಗೆ ಎಷ್ಟು ವರ್ಷ ಅಂತ ಹೋಗ್ತೀಯ?”

“ನೀವು ಬರ್ಬೇಡಿ, ಬಿಡಿ,” ಎಂದೆ. ಅವರೂ ಬಸ್ಸು ಹತ್ತಿದರು.

ಮೊಮ್ಮಗಳಿಗೆ ಈಗ ಹತ್ತನೇ ಕ್ಲಾಸು. ಇದೇ ಅವಳ ಕೊನೆಯ ವರ್ಷ. ಸ್ಕೂಲು ತೆರೆದ ವಾರದಲ್ಲೇ ಅವಳನ್ನು ಕ್ಯಾಪ್ಟನ್ ಮಾಡಿದರು. ಆ ದಿನ ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಒಂದು ಡಬರಿ ತುಂಬ ಸಜ್ಜಿಗೆ ಮಾಡಿ ಬೀದಿಯ ಎರಡೂ ಸಾಲಿನ ಮನೆಗೆ ಹಂಚಿದೆ. ಹಾಲು ಕೊಡಲು ಬಂದವಳಿಗೆ ಹೇಳಿದೆ, ಬಳೆ ಮಾರುವವಳಿಗೆ ಹೇಳಿದೆ, ಕರೆಂಟಿನ ಮೀಟರು ನೋಡಲು ಬಂದವನನ್ನು ಕೂರಿಸಿಕೊಂಡು ಹೇಳಿದೆ. ಹಿರೇನಲ್ಲೂರಿನ ಕಡೆ ಕೊಟ್ಟಿರುವ ನನ್ನ ಮಗಳಿಗೆ ಫೋನು ಹಚ್ಚಿ ಕೂಗಿದೆ. ಅವಳು ಆ ಕಡೆಯಿಂದ ನಕ್ಕು, “ಅಮ್ಮಾ, ಕ್ಯಾಪ್ಟನ್ ಆದ್ರೆ ಸೋತಾಗ ಮೊದಲು ಕೈ ಕುಲುಕೋದು ಅವಳೇ ಕಣಮ್ಮಾ,” ಎಂದಳು. ಆಡಿ ಸೋತವಳ ಮಾತು ಹಾಗೇ ಇರುತ್ತದೆ. ಫೋನಿಟ್ಟ ಮೇಲೆ ನನ್ನ ಸಂತೋಷವೆಲ್ಲ ಅಡಿ ಹಿಡಿದ ಅನ್ನದ ಹಾಗಾಯಿತು. ನನಗೆ ಕಪ್ ಬೇಡ, ಅಜ್ಜಂಪುರದಲ್ಲಿ ಮೆರವಣಿಗೆ ಬೇಡ. ಈ ಹುಡುಗಿ ಸ್ಕೂಲು ಬಿಡುವುದರೊಳಗೆ ಒಂದೇ ಒಂದು ಪಂದ್ಯ ಗೆಲ್ಲಲಿ, ಅಷ್ಟೇ. ಅದೂ ಆಗುವುದಿಲ್ಲವೆಂದು ನನಗೆ ಗೊತ್ತು. ಯಾಕೆಂದರೆ ಅದಾಗದಂತೆ ಮಾಡಿದವರಲ್ಲಿ ನಾನೂ ಒಬ್ಬಳು.

ನಮ್ಮ ಆಟದ ಬಯಲು ಇರುವುದು ಕೆರೆಯೊಳಗೆ. ಬುಕ್ಕಾಂಬುಧಿ ಕೆರೆಯಷ್ಟು ದೊಡ್ಡದಲ್ಲ ನಮ್ಮದು. ಅದು ಪೂರ್ತಿ ತುಂಬುವುದೂ ಅಪರೂಪ. ಹಾಗಾಗಿ ಏರಿಯ ಈ ತುದಿಯ ಅಂಗಳ ಹತ್ತಾರು ವರ್ಷ ಒಣಗಿಯೇ ಬಿದ್ದಿತ್ತು. ಸ್ಕೂಲಿನ ಮುಂದಿನ ಜಾಗ ಬರೀ ಮೊರಂ, ಕಲ್ಲು. ನನ್ನ ಮಗಳ ಕಾಲದಲ್ಲೇ ಯಜಮಾನರು ಎರಡು ಜಾಲಿ ಕಂಬ ಕೆತ್ತಿ, ನುಣ್ಣಗೆ ಮಾಡಿ, ಕೆರೆಯಂಗಳದಲ್ಲಿ ನೆಟ್ಟು ಕೊಟ್ಟಿದ್ದರು. ಅಲ್ಲಿನ ಗೋಡು ಮಣ್ಣು ರಾಗಿ ಹಿಟ್ಟಿನಷ್ಟು ಮೆತ್ತಗೆ. ನಮ್ಮ ಹುಡುಗಿಯರು ಅದರ ಮೇಲೆ ಮೀನು ಹಾರಿದ ಹಾಗೆ ಹಾರಿ ಬೀಳುತ್ತಿದ್ದರು. ಎದೆಯ ಮೇಲೆ ಜಾರಿಕೊಂಡು ಹೋಗಿ ಎದುರಾಳಿಯ ಹಿಮ್ಮಡಿ ಮುಟ್ಟುತ್ತಿದ್ದರು. ಎದ್ದು ಲಂಗ ಕೊಡವಿಕೊಂಡರೆ ಮುಗಿಯಿತು, ಒಂದು ತರಚು ಗಾಯವಿಲ್ಲ. ಕಲ್ಲು ನೆಲದ ಮೇಲೆ ಆಡುವ ಕೆರೆಯಾಚೆ ಊರಿನ ಹುಡುಗಿಯರ ಮೊಣಕಾಲು ನೋಡಿದರೆ ಕರುಳು ಚುರುಕ್ ಎನ್ನುತ್ತಿತ್ತು, ಬರೀ ಕರಕಲು ಕಲೆ. ನಾನು ಊರಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ, ನಮ್ಮ ಮಕ್ಕಳ ಮಂಡಿ ನೋಡ್ರೇ, ಬೆಣ್ಣೆ ಇದ್ದಂಗವೆ ಎಂದು.

ಆ ಬೆಣ್ಣೆ ಮಂಡಿಯವರು ಪ್ರತಿವರ್ಷ ಸೋತು ಬರುತ್ತಿದ್ದದ್ದು ಆ ಕರಕಲು ಮಂಡಿಯವರ ಕೈಲೇ. ಅಜ್ಜಂಪುರ ಬೇರೆ ತಾಲ್ಲೂಕಾದಾಗ ನಾನು ಎಷ್ಟು ಹಿಗ್ಗಿದ್ದೆ! ಒಳ್ಳೆ ಆಟ ಆಡುವವರೆಲ್ಲ ತರೀಕೆರೆಯ ಪಾಲಿಗೆ ಹೋಗುತ್ತಾರೆ, ಮಿಕ್ಕವರಲ್ಲಿ ನಾವೇ ಮುಂದು ಎಂದುಕೊಂಡೆ. ಕೆರೆಯಾಚೆಯವರು ಎಲ್ಲಿ ಹೋಗುತ್ತಾರೆ? ಕೆರೆ ಎರಡೂ ಊರಿಗೆ ಒಂದೇ. ಅವರೂ ನಮ್ಮ ಜೊತೆಯಲ್ಲೇ ಉಳಿದರು.

ಹೋದ ವರ್ಷದ ಪಂದ್ಯವನ್ನು ನೆನೆಸಿಕೊಂಡರೆ ಈಗಲೂ ಊಟ ಸೇರುವುದಿಲ್ಲ. ಅಜ್ಜಂಪುರದ ಗಟ್ಟಿ ನೆಲದ ಮೈದಾನ. ಬೆಳಿಗ್ಗೆಯ ಬಿಸಿಲು. ಕೆರೆಯಾಚೆಯವರ ಕೊನೆಯ ಹುಡುಗಿಯೊಬ್ಬಳು ಮಾತ್ರ ಒಳಗೆ ಉಳಿದಿದ್ದಳು. ಅವಳನ್ನು ಮುಟ್ಟಿದರೆ ಪಂದ್ಯ ನಮ್ಮದು. ಅಟ್ಟಿಸಿಕೊಂಡು ಹೋಗುತ್ತಿದ್ದವಳು ನನ್ನ ಮೊಮ್ಮಗಳು. ಆ ಹುಡುಗಿ ಕಂಬ ಸುತ್ತಿ ತಿರುಗುವಾಗ ಇವಳ ಕೈಗೂ ಅವಳ ಬೆನ್ನಿಗೂ ಮೊಳದಷ್ಟು ಅಂತರ. ಕೆರೆಯಂಗಳದಲ್ಲಾಗಿದ್ದರೆ ಕಣ್ಣು ಮುಚ್ಚಿಕೊಂಡು ಹಾರುತ್ತಿದ್ದಳು. ಇಲ್ಲಿ ಹಾರುವ ಮುಂಚೆ ಒಂದು ಸಲ ನೆಲ ನೋಡಿದಳು. ಅಷ್ಟೇ. ರೆಪ್ಪೆ ಬಡಿದಷ್ಟು ಹೊತ್ತು. ಆ ಹುಡುಗಿ ಕೈಗೆ ಸಿಗದೆ ಓಡಿದಳು, ಹೊತ್ತು ಮುಗಿದ ಸೀಟಿ ಊದಿದರು.

ವಾಪಸು ಬರುವ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ನಾನು ಅವಳ ಲಂಗ ಸರಿಸಿ ಮಂಡಿ ಮುಟ್ಟಿ ನೋಡಿದೆ.

“ಎಲ್ಲೂ ತರಚಿಲ್ಲ ತಾನೇ ಮಗಾ?”

“ಇಲ್ಲ ಅಜ್ಜಿ,” ಎಂದಳು. ಎಂದವಳೇ ಬಿಕ್ಕಿ ಬಿಕ್ಕಿ ಅಳತೊಡಗಿದಳು.

“ಸದ್ಯ, ಮೈಗೇನೂ ಆಗ್ಲಿಲ್ವಲ್ಲ, ಬಿಡು,” ಎಂದು ತಲೆ ಸವರಿದೆ. ಸಮಾಧಾನ ಹೇಳಿದ್ದೇನೆಂದು ಆಗ ತಿಳಿದುಕೊಂಡಿದ್ದೆ.

ಪಿ.ಟಿ. ಮೇಷ್ಟ್ರು, “ಪ್ರಾಕ್ಟೀಸ್ ಸಾಲ್ದು ಅಜ್ಜಿ,” ಎಂದರು. ಅದನ್ನು ನಾನು ಗಂಟು ಹಾಕಿಟ್ಟುಕೊಂಡೆ. ಆದರೆ ದಸರಾ ಕಳೆಯುತ್ತಿದ್ದಂತೆ ಮಳೆ ಹಿಡಿಯಿತು. ಎಂದೂ ಇಲ್ಲದ ಮಳೆ. ಎರಡು ವಾರದಲ್ಲಿ ಕೆರೆ ಕೋಡಿ ಬಿತ್ತು. ಇಡೀ ಊರು ಏರಿಯ ಮೇಲೆ ನಿಂತು ಕುಣಿಯಿತು. ನಾನೂ ಕುಣಿದೆ, ಸುಳ್ಳು ಯಾಕೆ ಹೇಳಲಿ? ಕೋಡಿಯ ನೀರು ಮೈಮೇಲೆ ಹಾರಿಸಿಕೊಂಡು ಮಕ್ಕಳ ಹಾಗೆ ನಕ್ಕೆ. ನಗುತ್ತಾ ತಿರುಗಿ ನೋಡಿದರೆ ನಮ್ಮ ಎರಡು ಕಂಬಗಳ ತಲೆ ಮಾತ್ರ ನೀರಿನ ಮೇಲೆ ಕಾಣುತ್ತಿತ್ತು. ಒಂದರ ಮೇಲೆ ಬೆಳ್ಳಕ್ಕಿ ಕೂತಿತ್ತು.

ಊರ ಹೆಂಗಸರೆಲ್ಲ ಕೆರೆಗೆ ಬಾಗಿನ ಕೊಟ್ಟೆವು. ಮೊರದಲ್ಲಿ ಅರಿಶಿನ, ಕುಂಕುಮ, ಬಳೆ, ರವಿಕೆ ಕಣ ಇಟ್ಟು ಒಬ್ಬೊಬ್ಬರೇ ನೀರಿಗೆ ಬಿಡುವುದು. ಎಲ್ಲರೂ ಬೇಡಿಕೊಂಡದ್ದು ಒಂದೇ, ಹಿಂಗೇ ತುಂಬ್ಕೊಂಡಿರು ತಾಯಿ ಎಂದು. ನನ್ನ ಸರದಿ ಬಂದಾಗ ಬಾಗಿ, “ಶ್ರಾವಣದ ಹೊತ್ತಿಗೆ ಈ ಮೂಲೆ ಒಂದು ಬಿಟ್ಟು ಒಂಚೂರು ಹಿಂದಕ್ಕೆ ಸರಿಯವ್ವಾ, ಮಕ್ಕಳು ಆಡ್ಕೋಬೇಕು,” ಎಂದೆ. ಮೆಲ್ಲಗೇ ಹೇಳಿದ್ದು. ಆದರೆ ಪಕ್ಕದಲ್ಲಿ ತೂಬಿನ ಕಾವಲಿಗೆ ನಿಂತಿದ್ದ ನೀರುಗಂಟಿಯ ಕಿವಿ ಬಲು ಚುರುಕು.

“ಏನವ್ವಾ, ಊರೆಲ್ಲಾ ಗಂಗವ್ವನ್ನ ಬಾ ಅಂತಿದ್ರೆ ನೀನೊಬ್ಳು ಹೋಗು ಅಂತಿದ್ದೀಯಲ್ಲ?”

“ಹೋಗು ಅನ್ನಲಿಲ್ಲ ಕಣೋ, ಸರಿ ಅಂದೆ.”

“ಅವಳೇನು ಬಸ್ ಸೀಟಲ್ಲಿ ಕೂತವ್ಳಾ, ಸರಿಯೋಕೆ?”

ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ನಲ್ಲಿಯ ಹತ್ತಿರ ಕೊಡ ಇಟ್ಟರೆ ಸಾಕು, “ಬಂದ್ಳು ನೋಡ್ರೇ, ಕೆರೆ ಕುಡಿಯೋಳು!” ಎಂದು ನಗುತ್ತಿದ್ದರು. ನಾನು ಬಗ್ಗಲಿಲ್ಲ. ಯುಗಾದಿಗೆ ನೀರುಗಂಟಿಯನ್ನು ಕರೆದು ಎಲೆ ಹಾಕಿ ಹೋಳಿಗೆ ಬಡಿಸಿ, ತೂಬು ಒಂದು ಗೇಣು ಜಾಸ್ತಿ ಎತ್ತಲು ಆಗುತ್ತದೆಯೇ ಎಂದು ಕೇಳಿದೆ. ಅವನು ನಾಲ್ಕು ಹೋಳಿಗೆ ತಿಂದು, ತುಪ್ಪದ ಕೈ ನೆಕ್ಕಿಕೊಂಡು, “ಹೋಳಿಗೆ ಭೇಷಾಗದೆ ಕಣವ್ವಾ. ತೂಬು ಮಾತ್ರ ಗದ್ದೆಯವ್ರು ಹೇಳ್ದಷ್ಟೇ ಎದ್ದೇಳೋದು,” ಎಂದ.

ಇತ್ತ ಹುಡುಗಿಯರಿಗೆ ಬಯಲಿಲ್ಲ. ಮೇಷ್ಟ್ರು ಸ್ಕೂಲಿನ ಮುಂದಿನ ಮೊರಮ್ಮಿನ ಮೇಲೆಯೇ ಎರಡು ಬಿದಿರಿನ ಗೂಟ ನೆಟ್ಟು ಆಡಿಸತೊಡಗಿದರು. ಮೊದಲ ದಿನವೇ ಮೊಮ್ಮಗಳು ಎರಡೂ ಮಂಡಿ ಕಿತ್ತುಕೊಂಡು ಬಂದಳು. ಚರ್ಮ ಎದ್ದು, ಒಳಗೆ ಸಣ್ಣ ಸಣ್ಣ ಕಲ್ಲು. ನಾನು ಅರಿಶಿನ, ಕೊಬ್ಬರಿ ಎಣ್ಣೆ ಹಚ್ಚುತ್ತಾ ಮೇಷ್ಟ್ರಿಗೆ ಬೈದೆ, ಕೆರೆಗೆ ಬೈದೆ, ಜಾಲಿ ಕಂಬವನ್ನು ಕೆರೆಯಲ್ಲಿ ನೆಟ್ಟ ಯಜಮಾನರಿಗೂ ಬೈದೆ. ಇಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಈ ಜೂನಿನಲ್ಲಿ ಮತ್ತೆ ಪ್ರಾಕ್ಟೀಸು ಶುರುವಾದಾಗ, ತಂಡದ ಹುಡುಗಿಯರ ಮನೆಮನೆಗೆ ಹೋದೆ. ಅವರ ತಾಯಂದಿರನ್ನು ಕೂರಿಸಿಕೊಂಡು ಹೇಳಿದೆ: “ಹೆಣ್ಮಕ್ಕಳ ಕಾಲು ಕಣ್ರೇ, ನಾಳೆ ಕಲೆ ನಿಂತ್ರೆ ಯಾರು ಹೊಣೆ? ಕೆರೆ ಇಳೀಲಿ, ಆಮೇಲೆ ಕಳಿಸಿ.” ನಾಲ್ಕು ಮನೆಯವರು ನನ್ನ ಮಾತು ಕೇಳಿದರು. ಇಷ್ಟು ವರ್ಷ ಪಂದ್ಯ ನೋಡಿದ ಅಜ್ಜಿ ಹೇಳುತ್ತಾಳೆ ಎಂದರೆ ಕೇಳದೇ ಇರುತ್ತಾರೆಯೇ?

ಕಾರಹುಣ್ಣಿಮೆ ಕಳೆದ ವಾರ ಏರಿಯ ಮೇಲೆ ಹೋಗುತ್ತಿದ್ದವಳು ನಿಂತುಬಿಟ್ಟೆ. ನೀರು ಹಿಂದೆ ಸರಿದಿತ್ತು! ಒಂದು ಕಂಬ ಬುಡದವರೆಗೂ ಬಯಲಾಗಿ ಕೆಸರಿನಲ್ಲಿ ನಿಂತಿತ್ತು. ಇನ್ನೊಂದು ಮೊಣಕಾಲುದ್ದ ನೀರಿನಲ್ಲಿತ್ತು. ನನ್ನ ವಯಸ್ಸು ಮರೆತು ಓಡಿದೆ. ಮೊಮ್ಮಗಳು ಜಗಲಿಯ ಮೇಲೆ ಶೂ ಬಿಚ್ಚುತ್ತಿದ್ದಳು.

“ಏಳೇ, ಬಾರೇ! ಗಂಗವ್ವ ನನ್ನ ಮಾತು ಕೇಳವ್ಳೆ. ಇನ್ನು ಹದಿನೈದು ದಿನ, ನಿಮ್ಮ ಬಯಲು ನಿಮಗೆ ಬಂತು!”

ಅವಳು ತಲೆ ಎತ್ತಲಿಲ್ಲ. “ಅಜ್ಜಿ, ಆ ನಾಲ್ಕು ಜನರ ಅಮ್ಮಂದ್ರಿಗೆ ಹೇಳ್ದೋಳು ನೀನಾ?”

“ಹೂಂ ಕಣೇ. ನಿಮ್ಮ ಒಳ್ಳೇದಕ್ಕೇ...”

“ಎಂಟು ಜನ ಉಳ್ಕೊಂಡಿದೀವಿ ಅಜ್ಜಿ. ಕಣಕ್ಕಿಳಿಯೋಕೇ ಒಂಬತ್ತು ಜನ ಬೇಕು. ಸೋಮವಾರ ಮೇಷ್ಟ್ರು ಹೆಸರು ಕಳಿಸ್ತಾರೆ. ಆಡಿ ಸೋಲೋಕೂ ನಮ್ಗೆ ಜನ ಇಲ್ಲ.”

“ಕೆರೆ ಇಳೀತಲ್ಲ, ಬರ್ತಾರೆ ಬಿಡು,” ಎಂದೆ.

“ಕೆರೇಲಿ ನಾವು ಆಡಲ್ಲ,” ಎಂದಳು. “ಹೋದ್ವರ್ಷ ಯಾಕೆ ಸೋತೆ ಗೊತ್ತಾ? ನೆಲ ನೋಡ್ದೆ. ಹಿಟ್ಟಿನ ಮೇಲೆ ಬಿದ್ದು ಬಿದ್ದು ಅಭ್ಯಾಸ ನಮ್ಗೆ. ಅಲ್ಲಿ ಹಿಟ್ಟು ಯಾರು ಹಾಸ್ತಾರೆ? ಅತ್ತೇನೂ ಅದಕ್ಕೇ ಸೋತಿದ್ದು. ಫೋನಲ್ಲಿ ಕೇಳ್ದೆ, ಅಳ್ತಾ ಹೇಳಿದ್ಲು.”

ಅವಳು ಸಾಕ್ಸು ಇಳಿಸಿ ಲಂಗ ಸರಿಸಿದಳು. ಮಂಡಿಯ ಮೇಲೆ ಗಾಯ ಒಣಗಿ, ಮತ್ತೆ ಕಿತ್ತು, ಮತ್ತೆ ಒಣಗಿ, ಕೆರೆಯಾಚೆ ಊರಿನ ಹುಡುಗಿಯರಿಗೆ ಇದ್ದಂಥದೇ ಕರಕಲು ಕಲೆ ಕಟ್ಟಿತ್ತು. ದಿನಾ ಎಣ್ಣೆ ಹಚ್ಚಿದವಳು ನಾನೇ. ಹಚ್ಚುತ್ತಾ ಹಚ್ಚುತ್ತಾ ನಾನು ನೋಡಿದ್ದು ಗಾಯವನ್ನಷ್ಟೇ.

ಇಷ್ಟು ವರ್ಷ ಬುತ್ತಿ ಕಟ್ಟಿಕೊಂಡು ಹೋಗಿ ನಾನು ಏನು ನೋಡಿಕೊಂಡು ಬಂದೆ? ನನ್ನ ಮಗಳು ಹಾರುವ ಮುಂಚೆ ನೆಲ ನೋಡಿದ್ದಳೇ? ನೆನಪಿಲ್ಲ. ಅವಳ ಮಂಡಿ ಬೆಣ್ಣೆಯ ಹಾಗೆ ಇದ್ದದ್ದು ಮಾತ್ರ ನೆನಪಿದೆ.

ಮಾರನೇ ದಿನ ಬೆಳಿಗ್ಗೆ ಎದ್ದು ಆ ನಾಲ್ಕು ಮನೆಗೆ ಮತ್ತೆ ಹೋದೆ. ಒಬ್ಬ ಹುಡುಗಿಯನ್ನು ಆಗಲೇ ಕಡೂರಿನ ಹಾಸ್ಟೆಲಿಗೆ ಸೇರಿಸಿದ್ದರು. ಇನ್ನೊಬ್ಬಳ ತಾಯಿ, “ಅವತ್ತು ಬೇಡ ಅಂದ್ರಿ, ಇವತ್ತು ಕಳಿಸಿ ಅಂತೀರಿ, ನಿಮ್ಗೇನು ಬಂದದೆ ಅತ್ತೆಮ್ಮಾ?” ಎಂದು ಮುಖ ತಿರುಗಿಸಿದಳು. ಮೂರನೆಯ ಮನೆಯವರು ಬಾಗಿಲೇ ತೆಗೆಯಲಿಲ್ಲ. ನಾಲ್ಕನೆಯವಳು, “ಕಳಿಸ್ತೀನಿ, ಆದ್ರೆ ಬೀಳೋ ಆಟ ಆಡಿಸ್ಬೇಡಿ,” ಎಂದಳು. ಹಾಗೆ ಅವಳ ಮಗಳೂ ಸೇರಿ ಒಂಬತ್ತಾಯಿತು. ಒಬ್ಬಳ ಕಾಲು ಉಳುಕಿದರೆ ಬದಲಿಗೆ ಇನ್ನೊಬ್ಬಳಿಲ್ಲ. ಆ ಒಂಬತ್ತನೆಯವಳಿಗೆ ಕಲ್ಲು ನೆಲದ ಮೇಲೆ ಬೀಳಲು ಬರುವುದಿಲ್ಲ. ಇನ್ನು ಒಂದು ತಿಂಗಳಲ್ಲಿ ಕಲಿಯುತ್ತಾಳೆಯೇ? ಕಲಿಯುವುದಿಲ್ಲ. ಕೆರೆಯಾಚೆಯವರು ಹುಟ್ಟಿದಾಗಿನಿಂದ ಬೀಳುತ್ತಿದ್ದಾರೆ.

ಯಜಮಾನರಿಗೆ ನಾನು ಏನೂ ಹೇಳಿರಲಿಲ್ಲ. ಭಾನುವಾರ ಅವರೇ ಹಾರೆ ತೆಗೆದುಕೊಂಡು ಕೆಸರಿಗೆ ಇಳಿದು ಎರಡೂ ಕಂಬ ಕಿತ್ತರು. ಬುಡದ ಕಡೆ ಪಾಚಿ ಕಟ್ಟಿ ಹಸಿರಾಗಿತ್ತು. ಏರಿಯ ಮೇಲಿದ್ದ ನೀರುಗಂಟಿ ತಾನಾಗಿಯೇ ಬಂದು ಒಂದು ತುದಿಗೆ ಹೆಗಲು ಕೊಟ್ಟ.

“ಏನವ್ವಾ, ಕೆರೆ ಇಳೀತು ಅನ್ನೋವಾಗ ಕಂಬ ಕಿತ್ಕೊಂಡು ಹೊಂಟ್ರಲ್ಲ? ಈಗ ಗಂಗವ್ವಂಗೆ ಏನು ಹೇಳ್ಲಿ?”

“ತುಂಬ್ಕೊಂಡೇ ಇರು ಅಂತ ಹೇಳೋ. ಈ ಮೂಲೇಗೂ ಬಾ ಅನ್ನು. ನಾಲ್ಕು ಹೋಳಿಗೆ ತಿಂದಿದೀಯಲ್ಲ, ಅಷ್ಟಾದ್ರೂ ಮಾಡು.”

ಸ್ಕೂಲಿನ ಮುಂದೆ ಗುಂಡಿ ತೋಡುವಾಗ ಹಾರೆ ಬಿದ್ದ ಕಡೆಯೆಲ್ಲ ಖಣ್ ಖಣ್ ಎಂದಿತು. ಆ ಸದ್ದು ಕೇಳಿಯೇ ನನ್ನ ಹಲ್ಲು ಜುಮ್ಮೆಂದವು. ಕಂಬ ನಿಂತ ಮೇಲೆ ಒಂಬತ್ತೂ ಜನ ಬಂದರು. ಮೊಮ್ಮಗಳು ಒಂದು ಸಲ ನನ್ನ ಕಡೆ ನೋಡಿ ಓಡಲು ಶುರು ಮಾಡಿದಳು. ಮುಂದೆ ಓಡುತ್ತಿದ್ದವಳು ಆ ಒಂಬತ್ತನೆಯ ಹುಡುಗಿ. ಕಂಬದ ಹತ್ತಿರ ಇಬ್ಬರಿಗೂ ಮೊಳದಷ್ಟು ಅಂತರ. ಇವಳು ಹಾರಿದಳು. ನಾನು ಕಣ್ಣು ಮುಚ್ಚಿಕೊಂಡೆ. ಮೈ ಮೊರಮ್ಮಿನ ಮೇಲೆ ಉಜ್ಜಿಕೊಂಡು ಹೋದ ಸದ್ದು ಮಾತ್ರ ಕೇಳಿಸಿತು.

“ಮುಟ್ಟಿದ್ಲಾ?” ಎಂದು ಕಣ್ಣು ಮುಚ್ಚಿಕೊಂಡೇ ಯಜಮಾನರನ್ನು ಕೇಳಿದೆ.

“ಮುಟ್ಟಿದ್ಲು ಕಣೇ. ನೋಡೇ ಈ ಕಡೆ.”

ನೋಡಿದೆ. ಅವಳು ಎದ್ದು ಲಂಗ ಕೊಡವಿಕೊಳ್ಳುತ್ತಿದ್ದಳು, ಮಂಡಿಯಿಂದ ಕಣಕಾಲಿನವರೆಗೆ ರಕ್ತ ಇಳಿದಿತ್ತು. ಮುಂದೆ ಓಡುತ್ತಿದ್ದ ಹುಡುಗಿ ಆ ರಕ್ತವನ್ನು ನೋಡಿ ಬೆಳ್ಳಗಾಗಿ ಕಂಬ ಹಿಡಿದುಕೊಂಡು ನಿಂತಿದ್ದಳು. ಈ ಹುಡುಗಿಯನ್ನು ನಂಬಿಕೊಂಡು ನಾವು ಗೆಲ್ಲುವುದು ಎಲ್ಲಿಂದ ಬಂತು? ನಾನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿದ್ದ ಅರಿಶಿನದ ಪೊಟ್ಟಣ ಬಿಚ್ಚಿದೆ. ಮೊದಲು ಹೋಗಿ ಕೂತದ್ದು ಮೊಮ್ಮಗಳ ಹತ್ತಿರ ಅಲ್ಲ, ಆ ಒಂಬತ್ತನೆಯವಳ ಹತ್ತಿರ. “ನೋಡು ಮಗಾ, ಉರಿಯೋದು ಮೂರು ದಿನ, ಅಷ್ಟೇ,” ಎಂದೆ. ಅವಳು ನಂಬಿದ ಹಾಗೆ ಕಾಣಲಿಲ್ಲ.