ಸೊಂಟದ ಗಂಟಿನ ಮೆಣಸಿನ ಬೀಜ

ಕುಂದಗೋಳದ ಕಡೆಯ ನಿಂಬೆವ್ವ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಒಂದು ಚಿಟಿಕೆ ಮೆಣಸಿನ ಬೀಜವನ್ನು ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದಳು. ಮೈಯ ಶಾಖದಲ್ಲಿ ಬೀಜ ಮೊಳೆತರೆ ಸಾಲದು, ಎಲ್ಲವೂ ಒಟ್ಟಿಗೆ ಮೊಳೆಯಬೇಕು; ಆಗಲೇ ಗಡಿಗೆಯಲ್ಲಿ ಉಳಿದ ಬೀಜವನ್ನು ಬಿತ್ತುವಳು. ಇಂದೊಂದು ನಾಳೆಯೊಂದು ಮೂತಿ ತೋರಿಸಿದರೆ ಗಡಿಗೆಯ ಬೀಜವೂ ತಿಪ್ಪೆಗೆ ಹೋಗುತ್ತಿತ್ತು. ಇದನ್ನು ಕಂಡು ನಗುವವರಿದ್ದರು. ಅವರೂ ತಮ್ಮ ಬೀಜವನ್ನು ಹೀಗೇ ಪರೀಕ್ಷಿಸಿಕೊಡೆಂದು ತಂದು ಕೊಡುತ್ತಿದ್ದರು.

ಆ ವರ್ಷ ಮಗ ಫಕೀರಪ್ಪ ಪಟ್ಟು ಹಿಡಿದ. "ಯವ್ವಾ, ಈ ಸಲ ನಿನ್ನ ಬೀಜ ಏಳಲಿಲ್ಲಂದ್ರ ನಾ ಪಾಕೀಟಿನ ಬೀಜಾನ ತರಾವ."

ಪಾಕೀಟು ಬಂದರೆ ತವರಿನಿಂದ ತಂದು ಉಳಿಸಿಕೊಂಡ ತಳಿ ಅಲ್ಲಿಗೆ ಮುಗಿಯಿತೆಂದು ನಿಂಬೆವ್ವನಿಗೆ ಗೊತ್ತಿತ್ತು.

"ನಿಮ್ಮಪ್ಪನೂ ಹಿಂಗ ಅಂತಿದ್ದ. ಹಂಗಂದ್ರೂ ರೊಟ್ಟಿಗೆ ನನ್ನ ಮೆಣಸಿನಕಾಯಿ ಚಟ್ನಿನ ಬಡೀತಿದ್ದ" ಎಂದು ಗಂಟು ಕಟ್ಟಿಕೊಂಡಳು.

ಮರುದಿನ ಅಣ್ಣನ ಮೊಮ್ಮಗಳ ಮದುವೆ. ಎಮ್ಮೆ ನೋಡಿಕೊಳ್ಳಲು ಸೊಸೆ ಸಾವಂತ್ರಿಯನ್ನು ಬಿಟ್ಟು, ಗಂಟಿನ ಸಮೇತ ಹೋದಳು. ಬುಂದಿ ಕರಿಯಲು ತನ್ನ ಹೊರತು ಯಾರಿಗೂ ಬಾರದೆಂದು ದಿನವಿಡೀ ದೊಡ್ಡ ಒಲೆಯ ಮುಂದೆ ನಿಂತಳು. ಬುಂದಿ ಚೆನ್ನಾಗಿ ಬಂತು. ಸೊಂಟದ ಬೀಜ ಮಾತ್ರ ಆ ಬೆಂಕಿಗೆ ಹುರಿದಂತಾಯಿತು. ಊರಿಗೆ ಬಂದು ವಾರ ಕಾದರೂ ಒಂದೂ ಮೊಳೆಯಲಿಲ್ಲ.

ಫಕೀರಪ್ಪ ಪಾಕೀಟಿನ ಬೀಜ ತರಲು ಪಿಶವಿ ಚೀಲ ಹೆಗಲಿಗೇರಿಸಿ ಬಸ್ಸಿಗೆ ಹೊರಟು ನಿಂತ. ಕಟ್ಟೆಯ ಮೇಲೆ ಕುಳಿತಿದ್ದ ಅತ್ತೆಯ ಮುಂದೆ ಸಾವಂತ್ರಿ ತನ್ನ ಸೊಂಟದಿಂದ ಇನ್ನೊಂದು ಗಂಟು ತೆಗೆದಿಟ್ಟಳು. ಅದೇ ಗಡಿಗೆಯ ಬೀಜ. ಅತ್ತೆ ಮದುವೆಗೆ ಹೊರಟ ದಿನವೇ ಕಟ್ಟಿಕೊಂಡಿದ್ದಳು.

"ನನಗ ಹೇಳದ ಕದ್ದು ಕಟ್ಕೊಂಡಿಯೇನ?"

"ಬೀಜ ಮನೀವು, ಸೊಂಟ ನಂದು. ಕದಿಯೂದೇನೈತಿ ಅತ್ತಿ? ಒಲಿ ಕಂಡ್ರ ನೀವು ಬಿಡೂದಿಲ್ಲಂತ ಗೊತ್ತಿತ್ತು."

ನಿಂಬೆವ್ವ ಗಂಟು ಬಿಚ್ಚಿ ಬೀಜವನ್ನು ಮೊರದಲ್ಲಿ ಹರಡಿದಳು. ಬಿಳಿಯ ಮೊಳಕೆಗಳು, ಎಲ್ಲವೂ ಒಂದೇ ಉದ್ದ. ಎರಡು ಮಾತ್ರ ಮೊಳೆತಿರಲಿಲ್ಲ. ಅವನ್ನೇ ಬೆರಳಿನಿಂದ ಆಚೆ ತಳ್ಳಿ ಕೇಳಿದಳು:

"ಇವ್ಯಾಕ ಬರಲಿಲ್ಲ?"

"ಅವು ನಿಮ್ಮಂಗ ಹಟಮಾರಿ ಇರಬೇಕ್ರಿ."

ಬಾಗಿಲಲ್ಲಿ ನಿಂತಿದ್ದ ಫಕೀರಪ್ಪ ನಕ್ಕ. ನಿಂಬೆವ್ವ ನಗಲಿಲ್ಲ.

"ನೀ ಏನ್ ಹಲ್ ಕಿಸೀತಿ? ಪಿಶವಿ ಇಳಸು. ಗುದ್ದಲಿ ತಗೊಂಡು ಸಸಿಮಡಿ ಮಾಡು, ನಡಿ. ಗಡಿಗ್ಯಾಗ ಉಳದ ಬೀಜ ನಾ ತರ್ತೀನಿ."